ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಪೋರ್ಸಲೇನ್‌ನಲ್ಲಿ ರೂಪಿಸುವ ಬಗೆ

ಮಲ್ಪೆಯಿಂದ ದೋಣಿಯಲ್ಲಿ ದ್ವೀಪಕ್ಕೆ ಹೋದಾಗ, ಲಾವಾ ತಣಿದು ಕುಗ್ಗಿ ಬಿರಿದು ಮೂಡಿದ ಆ ಬಹುಕೋನದ ಕಂಬಗಳನ್ನು ಚಿತ್ರಿಸಿಕೊಂಡರೆ ಸಾಲದು, ಅವುಗಳ ಅಂಚಿನ ಮೇಲೆ ಬೆರಳಾಡಿಸಿಯೂ ನೋಡಬೇಕು. ಅಲೆ ಸವೆಸಿದ ಆ ನಯ ಫೋಟೊದಲ್ಲಿ ಸಿಗುವುದಿಲ್ಲ.

ಪೋರ್ಸಲೇನ್ (ಬಿಳಿ ಪಿಂಗಾಣಿ) ಮಣ್ಣನ್ನು ಸುಮಾರು 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅರೆ ಒಣಗಿದಾಗ ಪಟ್ಟಿಗಳಾಗಿ ಕತ್ತರಿಸಿ, ಅಂಚುಗಳನ್ನು ಗೀರಿ, ಅದೇ ಮಣ್ಣಿನ ರಾಡಿ ಹಚ್ಚಿ ಟೊಳ್ಳು ಕಂಬಗಳಾಗಿ ಜೋಡಿಸಬೇಕು. ಬುಡದಲ್ಲಿ ಗಾಳಿಗೆ ರಂಧ್ರವಿರಲಿ.

ಒಣಗಿಸುವುದೇ ನಿಜವಾದ ಪರೀಕ್ಷೆ. ತುದಿ ಬೇಗ ಒಣಗಿ ಬುಡ ಹಸಿಯಾಗಿಯೇ ಉಳಿದರೆ ಜೋಡಣೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುವುದರಿಂದ, ಪ್ಲಾಸ್ಟಿಕ್ ಹೊದಿಸಿ ನಿಧಾನವಾಗಿ ಆರಿಸಬೇಕು. ಉಡುಪಿಯ ಮಳೆಗಾಲದಲ್ಲಿ ಇದಕ್ಕೆ ವಾರಗಳೇ ಹಿಡಿಯುತ್ತವೆ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ತೇವ ಇನ್ನೂ ಉಳಿದಿದೆ ಎಂದೇ ತಿಳಿಯಬೇಕು.

ಮೊದಲು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಳಿಕ 1250ರಿಂದ 1300 ಡಿಗ್ರಿಯಲ್ಲಿ ಸುಡಬೇಕು. ಕಲ್ಲಿನ ಮೈಗೆ ಗ್ಲೇಜ್ (ಗಾಜಿನಂಥ ಲೇಪ) ಇಲ್ಲದ ಬಿಳುಪೇ ಒಪ್ಪುತ್ತದೆ ಎಂಬುದು ನನ್ನ ಅನಿಸಿಕೆ.