ಘಾಟಿಯಲ್ಲಿ ಮುಗ್ಗರಿಸುತ್ತಿದ್ದ ಟರ್ಬೊ ಗಾಡಿ

ದಪ್ಪ ಸೈಲೆನ್ಸರ್ ಪೈಪ್ ಹಾಕಿಸಿದ ಮೇಲೆ ನನ್ನ ಟರ್ಬೊ ಪೆಟ್ರೋಲ್ ಗಾಡಿ ವಂಟಮುರಿ ಘಾಟಿ ಏರುವಾಗ 3,500 ಆರ್‌ಪಿಎಂ ದಾಟಿದರೆ ಸಾಕು, ಗಕ್ಕನೆ ಜಗ್ಗುತ್ತಿತ್ತು. ಬೆಳಗಾವಿಯ ಗ್ಯಾರೇಜಿನ ಕಾಕಾ, "ಒಮ್ಮೆಗೆ ಒಂದ ಬದಲ ಮಾಡೋ ತಮ್ಮಾ, ಮೊದಲ ಹಳೇ ಪೈಪ್ ಹಾಕಿ ನೋಡು" ಅಂದರು. ಹಾಕಿದೆ, ಜಗ್ಗಾಟ ನಿಂತಿತು!

ಆದರೂ ತಪ್ಪು ಪೈಪಿನದಲ್ಲ. ಹೊಗೆ ಸರಾಗವಾಗಿ ಹೋಗಿ ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುರುಕುವ ಗಾಳಿಯ ಒತ್ತಡ, ಏರಿತ್ತು. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಂತೆ ಕಿಡಿಗೆ ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವಿನ ಗ್ಯಾಪ್ ದಾಟಲು ಆಗುತ್ತಿರಲಿಲ್ಲ. ಪ್ಲಗ್ ಬಿಚ್ಚಿ, ಗ್ಯಾಪ್ ಅಳೆಯುವ ಫೀಲರ್ ಗೇಜ್ ತೂರಿಸಿದರೆ 0.9 ಮಿ.ಮೀ. ನಡುವಿನ ತುದಿಗೆ ಪೆಟ್ಟಾಗದಂತೆ ಹೊರಗಿನ ಕೊಕ್ಕೆಯನ್ನಷ್ಟೇ ಮೆಲ್ಲಗೆ ತಟ್ಟಿ 0.7ಕ್ಕೆ ತಂದೆ. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಮುಟ್ಟಲಿಲ್ಲ. ಅದು ಹೆಚ್ಚುಕಮ್ಮಿಯಾಗಿ ನಾಕ್ (ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಶುರುವಾದರೆ ಪಿಸ್ಟನ್ನೇ ಹೋದೀತು.

ದಪ್ಪ ಪೈಪ್ ಮತ್ತೆ ಹಾಕಿದೆ. ಅದೇ ಘಾಟಿ, ಅದೇ ಮೂರನೇ ಗೇರ್. ಒಂದೇ ಉಸಿರಿಗೆ ಏರಿತು.