ಹಡಗಿನ ಊಟ: ಮೊದಲ ಪಂಕ್ತಿಯೋ, ಎರಡನೇ ಪಂಕ್ತಿಯೋ?

ಕ್ರೂಸ್, ಅಂದರೆ ಹಡಗಿನ ಪ್ರವಾಸ, ಬುಕ್ ಮಾಡುವಾಗ ತಾರೀಖು, ರೂಮು ಎಲ್ಲ ಆದಮೇಲೆ ಒಂದು ಸಣ್ಣ ಪ್ರಶ್ನೆ ಬರುತ್ತದೆ. ರಾತ್ರಿ ಊಟ 5:30ಕ್ಕೋ, 8ಕ್ಕೋ? 2019ರಲ್ಲಿ ನಾನು ಯೋಚನೆಯನ್ನೇ ಮಾಡಲಿಲ್ಲ. ಅರಸೀಕೆರೆಯ ನಮ್ಮ ಮನೆಯಲ್ಲಿ ಸಂಜೆ ಐದೂವರೆಗೆ ಕಾಫಿ ಕುಡಿದು ಕೋಡುಬಳೆ ತಿನ್ನುತ್ತಾರೆ. ಊಟಕ್ಕೆ ಎಲೆ ಹಾಕುವುದು ಎಂಟರ ಮೇಲೆ. ಸೀದಾ 8 ಅಂತ ಒತ್ತಿದೆ.

ಅಪ್ಪ ಅಮ್ಮ ಆಗ ಸಿಯಾಟಲ್‌ಗೆ ನಮ್ಮಲ್ಲಿಗೆ ಬಂದಿದ್ದರು. ಜೂನ್ ತಿಂಗಳು. ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ನೋಡಿಕೊಂಡು ವಾಪಸ್ ಬರುವ ಏಳು ರಾತ್ರಿಯ ಪ್ರವಾಸ. ನಾವಿಬ್ಬರು, ನಾಲ್ಕು ವರ್ಷದ ಮಗಳು, ಅಪ್ಪ, ಅಮ್ಮ. ಹಡಗಿನಲ್ಲಿ ಸಾವಿರಾರು ಜನ ಇರುತ್ತಾರೆ, ಊಟದ ಹಾಲ್‌ನಲ್ಲಿ ಒಂದೇ ಸಲಕ್ಕೆ ಎಲ್ಲರೂ ಹಿಡಿಸಲ್ಲ, ಅದಕ್ಕೇ ಎರಡು ಸರದಿ ಅಂತ ಅಮ್ಮನಿಗೆ ವಿವರಿಸಿದೆ. ಅಮ್ಮನಿಗೆ ತಕ್ಷಣ ಅರ್ಥವಾಯಿತು.

"ಮದುವೆ ಮನೆ ಪಂಕ್ತಿ ಥರಾನಾ? ಹಾಗಾದ್ರೆ ಎರಡನೇ ಪಂಕ್ತಿ ಬೇಡ ಕಣೋ. ಅಷ್ಟೊತ್ತಿಗೆ ಸಾರಿಗೆ ನೀರು ಬೆರೆಸಿರ್ತಾರೆ."

ಸಾರಿಗೆ ನೀರೇನೂ ಬೆರೆಸಲ್ಲ. ಎರಡೂ ಪಂಕ್ತಿಗೆ ಅದೇ ಮೆನು, ಅದೇ ಬಿಸಿ. ಆದರೆ ಎರಡನೇ ಪಂಕ್ತಿ ಬೇಡ ಅನ್ನುವ ಅಮ್ಮನ ತೀರ್ಮಾನ ಮಾತ್ರ ಸರಿಯಾಗಿತ್ತು. ಕಾರಣ ಬೇರೆ.

ನನಗೆ ಹೊಳೆಯದೇ ಇದ್ದ ವಿಷಯ ಇಷ್ಟು. ಎಂಟಕ್ಕೆ ಊಟ ಅಂದರೆ ಎಂಟಕ್ಕೆ ಕುರ್ಚಿಯಲ್ಲಿ ಕೂರುವುದು, ಅಷ್ಟೇ. ಮೊದಲು ನೀರು, ಬ್ರೆಡ್ ಬುಟ್ಟಿ, ಮೆನು ಕಾರ್ಡು. ಆಮೇಲೆ ಸೂಪು ಅಥವಾ ಸಲಾಡು. ಮುಖ್ಯ ಊಟ ಮೇಜಿಗೆ ಬರುವಾಗ ಒಂಬತ್ತು. ಸಿಹಿ ತಿಂದು ಏಳುವ ಹೊತ್ತಿಗೆ ಹತ್ತು ಹತ್ತಿರ. ಮಗಳು ಎರಡು ಕುರ್ಚಿ ಜೋಡಿಸಿಕೊಂಡು ಮಲಗಿಬಿಟ್ಟಿದ್ದಳು.

ಮಗಳದ್ದು ಹೋಗಲಿ. ಅಪ್ಪ ಮನೆಯ ಅಭ್ಯಾಸದಂತೆ ಏಳೂಮುಕ್ಕಾಲಿಗೆ ರೂಮಿನಲ್ಲಿ ಇನ್ಸುಲಿನ್ ತೆಗೆದುಕೊಂಡು ಬಂದಿದ್ದರು. ಎಂಟೂವರೆ ದಾಟುವಾಗ ಅವರ ಹಣೆಯಲ್ಲಿ ಬೆವರು, ಕೈ ನಡುಕ. ಬ್ರೆಡ್ಡು, ಕಿತ್ತಳೆ ರಸ ಕೊಟ್ಟಮೇಲೆ ಸುಧಾರಿಸಿಕೊಂಡರು. ಊಟದ ಹೊತ್ತು ಬದಲಾಗುತ್ತದೆ, ಏನು ಮಾಡಲಿ ಅಂತ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಬೇಕಿತ್ತು. ಕೇಳಿರಲಿಲ್ಲ. ಎರಡನೇ ಸಲ ಹೋಗುವಾಗ ನಾನು ಮಾಡಿದ ಮೊದಲ ಕೆಲಸ ಅದೇ.

ಇನ್ನೊಂದು ಗಮ್ಮತ್ತು ಎರಡನೇ ದಿನ ಗೊತ್ತಾಯಿತು. ಅಲಾಸ್ಕಾದ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನ ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಂದರೆ ಹಡಗಿನ ಎಂಟು ಗಂಟೆ ನಮ್ಮ ಹೊಟ್ಟೆಗೆ ಒಂಬತ್ತು! 5:30ರ ಪಂಕ್ತಿಯವರಿಗೆ ಅದು ಆರೂವರೆ. ಕೇಳುವುದಕ್ಕೆ ಸಣ್ಣ ವಿಷಯ, ಆದರೆ ನಾನು ಬುಕ್ ಮಾಡುವಾಗ ಹಾಕಿದ್ದ ಲೆಕ್ಕ ಇದರಿಂದಲೇ ಪೂರ್ತಿ ತಲೆಕೆಳಗಾಯಿತು.

ದೀಪ ಹಚ್ಚುವ ಮುಂಚೆ ಉಣ್ಣಬಾರದು ಅಂತ ಅಮ್ಮನದೊಂದು ನಿಯಮ ಇದೆ. ಅಲಾಸ್ಕಾದಲ್ಲಿ ಹಡಗು ನಿಲ್ಲುವ ಜೂನೋ ಅನ್ನುವ ಊರಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಎಂಟಕ್ಕೆ ಊಟಕ್ಕೆ ಹೋದರೂ ಕಿಟಕಿಯಾಚೆ ಬಿಸಿಲು. ಎರಡು ದಿನ ಕಸಿವಿಸಿಪಟ್ಟು, ಮೂರನೇ ದಿನ ಆ ನಿಯಮವನ್ನು ಅಮ್ಮನೇ ಕೈಬಿಟ್ಟರು.

ಎರಡನೇ ಪಂಕ್ತಿಯಲ್ಲಿ ಒಳ್ಳೆಯದು ಏನೂ ಇರಲಿಲ್ಲ ಅಂತಲ್ಲ. ಎಂಟಕ್ಕೆ ಉಣ್ಣುವವರಿಗೆ ನಾಟಕಶಾಲೆಯ ಶೋ ಏಳಕ್ಕೇ ಸಿಗುತ್ತದೆ, ಮಕ್ಕಳು ಎಚ್ಚರ ಇರುವಾಗಲೇ ನೋಡಿ ಮುಗಿಸಬಹುದು. ಬಂದರಿನಲ್ಲಿ ಇಳಿದ ದಿನ ಓಡಿ ಬರುವ ಗಡಿಬಿಡಿ ಇಲ್ಲ. ಊಟದಲ್ಲೂ ಅವಸರ ಇಲ್ಲ. ಮೊದಲ ಪಂಕ್ತಿಯವರನ್ನು ಏಳೂವರೆಗೆಲ್ಲ ಎಬ್ಬಿಸಲೇಬೇಕು, ಮೇಜು ಒರೆಸಿ ಮತ್ತೆ ಹೊಸದಾಗಿ ಜೋಡಿಸಬೇಕಲ್ಲ. ಕಾಫಿ ಕಪ್ಪು ಹಿಡಿದು ಹರಟೆ ಹೊಡೆಯುವವರಿಗೆ ಎರಡನೆಯದೇ ಸರಿ. ನಾನು ಹೆಂಡತಿ ಇಬ್ಬರೇ ಹೋಗುವುದಾದರೆ ಈಗಲೂ ಅದನ್ನೇ ಹಿಡಿಯುತ್ತೇನೆ.

ಆದರೆ ಆ ಸಲದ ನಿಜವಾದ ನಷ್ಟ ವಿಕ್ಟೋರಿಯಾದ್ದು. ಕೊನೆಯ ಸಂಜೆ ಹಡಗು ಕೆನಡಾದ ಈ ಊರಿಗೆ ಆರಕ್ಕೆ ತಲುಪಿ ಮಧ್ಯರಾತ್ರಿ ಹೊರಡುತ್ತದೆ. ಅಪ್ಪ ಅಮ್ಮ ಭಾರತದ ಪಾಸ್‌ಪೋರ್ಟಿನವರು. ಈ ಕೆಲವೇ ಗಂಟೆಗಾಗಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಕೆನಡಾ ವೀಸಾ ಮಾಡಿಸಿದ್ದರು. ಊಟದ ಹೊತ್ತು ಮಾತ್ರ ಸರಿಯಾಗಿ ನಡುಮಧ್ಯೆ ಎಂಟಕ್ಕೆ. ಇಳಿದು ಸುತ್ತಾಡಿ ಬಂದರೆ ಊಟ ತಪ್ಪುತ್ತದೆ. ಬಿಡು, ಮೇಲಿನ ಬಫೆಯಲ್ಲಿ ಏನಾದರೂ ತಿಂದರಾಯಿತು ಅಂದೆ. ಅಮ್ಮ ಒಪ್ಪಲಿಲ್ಲ. ಹೆಡ್ ವೇಟರ್ ಆ ರಾತ್ರಿಗೆ ಕ್ಯಾರೆಟ್ ಹಲ್ವಾ ಮಾಡಿಸುತ್ತೇನೆ ಅಂದಿದ್ದರು. "ಪಾಪ, ನಮಗೋಸ್ಕರ ಮಾಡ್ಸಿರ್ತಾನೆ." ಅಷ್ಟು ಖರ್ಚು ಮಾಡಿ ವೀಸಾ ಮಾಡಿಸಿದವರು ಕೆನಡಾವನ್ನು ಡೆಕ್ಕಿನ ಕಂಬಿ ಹಿಡಿದು ನೋಡಿ ಬಂದರು.

ಆ ಹೆಡ್ ವೇಟರ್ ವಿಷಯ ಹೇಳಲೇಬೇಕು. ನಮ್ಮಂಥ ಸಸ್ಯಾಹಾರಿಗಳಿಗೆ 5:30ಕ್ಕೋ 8ಕ್ಕೋ ಅನ್ನುವುದಕ್ಕಿಂತ ಮುಖ್ಯವಾದದ್ದು ಇದು. ಈಗ ತುಂಬಾ ಹಡಗುಗಳಲ್ಲಿ ಮೂರನೇ ದಾರಿಯೂ ಇದೆ. ಯಾವಾಗ ಬೇಕಾದರೂ ಬನ್ನಿ, ಮೇಜು ಖಾಲಿ ಇದ್ದ ಕಡೆ ಕೂರಿಸುತ್ತೇವೆ ಅನ್ನುತ್ತಾರೆ. ಕೇಳಲು ಚೆಂದ. ಆದರೆ ದಿನಾ ಬೇರೆ ಮೇಜು, ಬೇರೆ ವೇಟರ್. ದಿನಾ ಮೊದಲಿನಿಂದ ಶುರು: ಮೊಟ್ಟೆ ಬೇಡ, ಮೀನೂ ಬೇಡ, ಸೂಪಿಗೆ ಕೋಳಿ ರಸ ಹಾಕಿದ್ದೀರಾ?

ಹೊತ್ತು ಗೊತ್ತುಮಾಡಿಕೊಂಡರೆ ಏಳೂ ರಾತ್ರಿ ಅದೇ ಮೇಜು, ಅದೇ ಜನ. ಮೊದಲ ರಾತ್ರಿ ಒಂದು ಸಲ ಹೇಳಿದರೆ ಸಾಕು. ನಮ್ಮ ಹೆಡ್ ವೇಟರ್ ಗೋವಾದವರು. ಅಮ್ಮನ ಹಿಂದಿ ಅವರಿಗೆ ಹೇಗೆ ಅರ್ಥವಾಯಿತೋ ಗೊತ್ತಿಲ್ಲ, ಎರಡನೇ ರಾತ್ರಿಯಿಂದ ದಾಲ್, ಜೀರಾ ರೈಸ್, ಒಂದು ಪಲ್ಯ, ಹಪ್ಪಳ ಮೇಜಿಗೆ ಬಂತು. ಇದು ಮೆನು ಕಾರ್ಡಿನಲ್ಲಿ ಇರುವುದಿಲ್ಲ. ನಾಳೆಗೆ ಏನು ಬೇಕು ಅಂತ ಇವತ್ತೇ ಹೇಳಿಡಬೇಕು. ಮೂರನೇ ರಾತ್ರಿ ಅಮ್ಮ ಕೂರುವ ಮುಂಚೆಯೇ ಬಿಸಿನೀರು, ಒಂದು ಬಟ್ಟಲು ಮೊಸರು ಬಂದು ಕೂತಿದ್ದವು. ಅಮ್ಮ ಚೀಲದಿಂದ ಚಟ್ನಿಪುಡಿ ಡಬ್ಬಿ ತೆಗೆದು ಅವರಿಗೂ ಒಂದು ಚಮಚ ಕೊಟ್ಟರು.

2023ರಲ್ಲಿ ಮತ್ತೆ ಅದೇ ದಾರಿಯ ಪ್ರವಾಸ, ಅದೇ ಐದು ಜನ. ಈ ಸಲ ಒತ್ತುವ ಮುಂಚೆ ಒಂದು ಹಾಳೆ ತೆಗೆದುಕೊಂಡೆ. ಏಳು ರಾತ್ರಿಗೆ ಏಳು ಗೆರೆ. ಹಡಗು ಯಾವ ಊರಿನಲ್ಲಿ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಿಲ್ಲುತ್ತದೆ, ನಾವು ಎಷ್ಟಕ್ಕೆ ವಾಪಸ್ ಬರುತ್ತೇವೆ ಅಂತ ಎದುರಿಗೆ ಬರೆದೆ. ಜೂನೋದಲ್ಲಿ ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ. ತಿಮಿಂಗಿಲ ನೋಡಿ ಬರುವಾಗ ಏಳಾಗುತ್ತದೆ, 5:30 ತಪ್ಪಿತು. ಸ್ಕ್ಯಾಗ್ವೇ ಊರಿನಲ್ಲಿ ಬೆಟ್ಟ ಹತ್ತುವ ವೈಟ್ ಪಾಸ್ ರೈಲು ಬೆಳಿಗ್ಗೆಯೇ, ಎರಡೂ ಆಗುತ್ತದೆ. ಹಿಮನದಿ ನೋಡುವ ದಿನ ಯಾರೂ ಇಳಿಯುವ ಹಾಗೇ ಇಲ್ಲ. ಸಮುದ್ರದಲ್ಲೇ ಇರುವ ದಿನಗಳಿಗೆ ತೊಂದರೆಯಿಲ್ಲ. ವಿಕ್ಟೋರಿಯಾಗೆ 8 ಆಗಲ್ಲ. ಅಲ್ಲಿಗೆ ಆ ಕಡೆ ಒಂದು ರಾತ್ರಿ ನಷ್ಟ, ಈ ಕಡೆ ಒಂದು ರಾತ್ರಿ ನಷ್ಟ. ಸಮ ಸಮ.

ತೂಕ ಕೆಡಿಸಿದ್ದು ಆ ಒಂದು ಗಂಟೆಯ ಗಡಿಯಾರ, ಅಪ್ಪನ ಇನ್ಸುಲಿನ್ನು, ಬೆಳಿಗ್ಗೆ ಏಳಕ್ಕೇ ಇಳಿಯಬೇಕಾದ ಸ್ಕ್ಯಾಗ್ವೇ. 5:30 ಒತ್ತಿದೆ. ಭರ್ತಿಯಾಗಿತ್ತು! ಅಮೆರಿಕದಲ್ಲಿ ವಯಸ್ಸಾದವರು, ಮಕ್ಕಳಿರುವವರು ಎಲ್ಲ ಮೊದಲ ಪಂಕ್ತಿಗೇ ಮುಗಿಬೀಳುತ್ತಾರೆ. ಕಾಯುವವರ ಪಟ್ಟಿಯಲ್ಲಿ ಹೆಸರು ಹಾಕಿಸಿ, ಹಡಗು ಹತ್ತಿದ ಮಧ್ಯಾಹ್ನ ಬಫೆಗೂ ಹೋಗದೆ ಸೀದಾ ಊಟದ ಹಾಲ್‌ಗೆ ಹೋದೆ. ಮೇಜು ಬದಲಾಯಿಸಿಕೊಡುವವರು ಅಲ್ಲಿ ಕೂತಿರುತ್ತಾರೆ. ಜೊತೆಗೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಸುಮ್ನೆ ಅಲ್ಲ. ಅಪ್ಪನ ನರೆಗೂದಲು, ಇನ್ಸುಲಿನ್ ಚೀಲ ನೋಡಿ ಹತ್ತು ನಿಮಿಷದಲ್ಲಿ ಮೇಜು ಸಿಕ್ಕಿತು.

ಮೊದಲ ಪಂಕ್ತಿಗೂ ಅದರದ್ದೇ ಕಿರಿಕಿರಿ ಇದೆ. ನಾಲ್ಕಕ್ಕೆ ಬಫೆ ಕಡೆ ಹೋಗದಂತೆ ಮಗಳನ್ನು ಕಾಯಬೇಕು. ಶೋ ಒಂಬತ್ತಕ್ಕೆ, ಅಪ್ಪ ಅಲ್ಲೇ ಗೊರಕೆ. ಒಳ್ಳೆ ಬಟ್ಟೆ ಹಾಕಿಕೊಂಡು ಹೋಗುವ ಎರಡು ರಾತ್ರಿಗಳಲ್ಲಿ ನಾಲ್ಕೂವರೆಗೇ ಅಲಂಕಾರ ಶುರು. ಅಮ್ಮ ರೇಷ್ಮೆ ಸೀರೆ ಉಟ್ಟು ಮುಗಿಸುವವರೆಗೆ ಆ ಪುಟ್ಟ ರೂಮಿನಿಂದ ನಾವೆಲ್ಲ ಹೊರಗೆ. ಅಪ್ಪ ಕೋಟು ಬೇಡ ಅಂದು ಪಂಚೆ ಶಲ್ಯದಲ್ಲೇ ಬಂದರು. ಯಾರೂ ಏನೂ ಅನ್ನಲಿಲ್ಲ, ಇಬ್ಬರು ಬಂದು ಜೊತೆಗೆ ಫೋಟೋ ತೆಗೆಸಿಕೊಂಡರು.

ವಿಕ್ಟೋರಿಯಾ ದಿನ 5:30ಕ್ಕೆ ಕೂತು, ಸಿಹಿ ಬೇಡ ಅಂತ ಹೇಳಿ, ಆರೂಮುಕ್ಕಾಲಿಗೆ ಮೆಟ್ಟಿಲಿಳಿದೆವು. ಒಳಬಂದರಿನ ದಂಡೆಯಲ್ಲಿ ಅಪ್ಪ ಅಮ್ಮ ಒಂದು ಬೆಂಚು ಹಿಡಿದು ಕೂತರು. ಮಗಳು ಐಸ್‌ಕ್ರೀಂ ತಿಂದಳು. ಶಾಸನಸಭೆಯ ಕಟ್ಟಡಕ್ಕೆ ದೀಪ ಹೊತ್ತಿಕೊಳ್ಳುವವರೆಗೂ ಯಾರಿಗೂ ಏಳುವ ಮನಸ್ಸಾಗಲಿಲ್ಲ. ಹಡಗಿಗೆ ವಾಪಸ್ ಬಂದಾಗ ಹತ್ತೂವರೆ. ಅಮ್ಮ ರೂಮಿನ ಬಾಗಿಲಲ್ಲೇ ನಿಂತು, "ಹೊಟ್ಟೆ ಹಸೀತಿದೆ ಕಣೋ, ಆ ಐದೂವರೆ ಊಟ ಯಾವ ಮೂಲೆಗೆ?" ಅಂದರು. ಮೇಲೆ ಹೋಗಿ ಎರಡು ಕಪ್ಪು ಮೊಸರು, ಒಂದು ತಟ್ಟೆ ಅನ್ನ ತಂದೆ. ಚಟ್ನಿಪುಡಿ ಡಬ್ಬಿಯ ತಳದಲ್ಲಿ ಇನ್ನೂ ಸ್ವಲ್ಪ ಇತ್ತು.