ವಿಂಡೋಸ್ ಬರದಿದ್ದರೆ ಫಾರ್ಮ್ಯಾಟ್‌ಗೆ ಮೊದಲು ಪೆನ್‌ಡ್ರೈವ್ ಹಾಕಿ ನೋಡಿ

ಲ್ಯಾಪ್‌ಟಾಪ್ ಆನ್ ಆಗುತ್ತೆ, ವಿಂಡೋಸ್ ಮಾತ್ರ ಬರ್ತಿಲ್ಲ ಅಂದ್ರೆ ದಯವಿಟ್ಟು ತಕ್ಷಣ ಫಾರ್ಮ್ಯಾಟ್‌ಗೆ, ಅಂದ್ರೆ ಡಿಸ್ಕ್ ಅಳಿಸಿ ಹೊಸದಾಗಿ ಸಿದ್ಧಮಾಡೋದಕ್ಕೆ, ಒಪ್ಪಬೇಡಿ. ಎಷ್ಟೋ ಸಲ ಕೆಟ್ಟಿರೋದು ವಿಂಡೋಸ್ ಅಷ್ಟೇ. ಮಕ್ಕಳ ಫೋಟೊ, ಕಾಗದಪತ್ರ ಎಲ್ಲ ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ.

ಲಿನಕ್ಸ್ ಮಿಂಟ್ ಅನ್ನೋದು ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಬೇರೆ ಕಂಪ್ಯೂಟರ್‌ನಲ್ಲಿ ಅದರ ಐಎಸ್‌ಒ ಫೈಲ್ (ಇಡೀ ಸಿಸ್ಟಮ್ ಒಂದೇ ಫೈಲ್‌ನಲ್ಲಿ) ಇಳಿಸಿಕೊಳ್ಳಿ, ಉಚಿತ. ರೂಫಸ್ ಅನ್ನೋ ಪುಟ್ಟ ತಂತ್ರಾಂಶದಿಂದ ಆ ಫೈಲನ್ನು 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ. ಸುಮ್ಮನೆ ಕಾಪಿ-ಪೇಸ್ಟ್ ಮಾಡಿದರೆ ಅದರಿಂದ ಲ್ಯಾಪ್‌ಟಾಪ್ ಬೂಟ್ ಆಗಲ್ಲ, ಅಂದ್ರೆ ಶುರುವಾಗಲ್ಲ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತೆ, ಖಾಲಿಯದ್ದೇ ತಗೊಳ್ಳಿ.

ಆ ಪೆನ್‌ಡ್ರೈವನ್ನು ಕೆಟ್ಟ ಲ್ಯಾಪ್‌ಟಾಪ್‌ಗೆ ಹಾಕಿ, ಪವರ್ ಬಟನ್ ಒತ್ತಿದ ಕೂಡಲೇ ಬೂಟ್ ಮೆನು (ಯಾವುದರಿಂದ ಶುರುವಾಗಬೇಕು ಅನ್ನೋ ಪಟ್ಟಿ) ತೆರೆಯೋ ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಅಸುಸ್‌ನಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ. ಮಿಂಟ್ ಪೆನ್‌ಡ್ರೈವ್‌ನಿಂದಲೇ ಓಡುತ್ತೆ. ಪರದೆ ಮೇಲಿರುವ ಇನ್‌ಸ್ಟಾಲ್ ಐಕಾನ್ ಮಾತ್ರ ಮುಟ್ಟಬೇಡಿ. ಫೈಲ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಡ್ರೈವ್ ತೆರೆದು, 'ಯೂಸರ್ಸ್' ಫೋಲ್ಡರ್‌ನಿಂದ ಬೇಕಾದದ್ದನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಫಾರ್ಮ್ಯಾಟ್ ಆಮೇಲೆ.

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಅನ್ನೋ ಬೀಗ ಇರಬಹುದು. ಆಗ 48 ಅಂಕಿಗಳ ರಿಕವರಿ ಕೀ ಬೇಕು. ಮೊಬೈಲ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಹುಡುಕಿ, ಬಹುತೇಕ ಅಲ್ಲೇ ಸಿಗುತ್ತೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಕೀ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೇದು, ಇವತ್ತೇ ಬರೆದಿಡಿ.

ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಸದ್ದು ಮಾಡ್ತಿದ್ರೆ ಇದ್ಯಾವುದನ್ನೂ ಮಾಡದೆ ಆಫ್ ಮಾಡಿ, ಡೇಟಾ ರಿಕವರಿ ಮಾಡೋರ ಹತ್ತಿರ ಒಯ್ಯಿರಿ.